ಅಘನಾಶಿನಿಯ ಅಳಿವೆಯಲ್ಲಿ ಒಂದು ದಿನ

ಚರಿತ್ರೆಯನ್ನು ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಆ ಚರಿತ್ರೆ ನಡೆದ ನೆಲದ ಮೇಲೆ ಕಾಲಿಟ್ಟು ನಡೆದವರು ನಮ್ಮಲ್ಲಿ ಕಡಿಮೆ. ಈ ಮಾತನ್ನು ಇತರರ ಮೇಲೆ ದೂರಾಗಿ ಹೇಳುತ್ತಿಲ್ಲ. ನನ್ನ ಮೇಲೆಯೇ ಹೇಳಿಕೊಳ್ಳುತ್ತಿದ್ದೇನೆ. ಬಯಲುಸೀಮೆಯ ಊರೊಂದರಲ್ಲಿ ಅಧ್ಯಾಪಕನಾಗಿದ್ದ ಕಾಲದಲ್ಲಿ ಪ್ರತಿವರ್ಷವೂ ಕರಿಹಲಗೆಯ ಮೇಲೆ ಪಶ್ಚಿಮ ಕರಾವಳಿಯ ಗೆರೆಯೊಂದನ್ನು ಎಳೆದು, ಅದರ ಮಗ್ಗುಲಿಗೆ ಹೊನ್ನಾವರ, ಭಟ್ಕಳ, ಬಸರೂರು ಎಂದು ಚುಕ್ಕಿಗಳನ್ನಿಟ್ಟು, ಒಂದು ಗಂಟೆಯೊಳಗೆ ನಾಲ್ಕು ಶತಮಾನಗಳನ್ನು ದಾಟಿಸಿಬಿಡುತ್ತಿದ್ದೆ. ಆ ಚುಕ್ಕಿಗಳು ಊರುಗಳೆಂಬುದು ನನಗೂ ಮರೆತುಹೋಗಿತ್ತು, ವಿದ್ಯಾರ್ಥಿಗಳಿಗಂತೂ ತಿಳಿದೇ ಇರಲಿಲ್ಲ. ನಿವೃತ್ತನಾದ ಮೇಲೆ, ಹೋದ ಫೆಬ್ರವರಿಯಲ್ಲಿ, ಕುಮಟಾದಿಂದ ಹೊರಡುವ ಒಂದು ದಿನದ ಕಾಲ್ನಡಿಗೆಯ ಪ್ರವಾಸಕ್ಕೆ ಹೆಸರು ಕೊಟ್ಟೆ. ಆ ದಿನ ನಾನು ಕಲಿತದ್ದನ್ನು ಕೇಳುಗರ ಮುಂದಿಡುವುದೇ ಈ ಭಾಷಣದ ಉದ್ದೇಶ.

ನಾವು ಹನ್ನೊಂದು ಮಂದಿ ಇದ್ದೆವು. ನಮ್ಮ ಮಾರ್ಗದರ್ಶಿ ಅಳಿವೆಯ ದಡದ ಹಳ್ಳಿಯವನೇ ಆದ ಇಪ್ಪತ್ತೈದರ ಆಸುಪಾಸಿನ ತರುಣ. ನನ್ನ ವೃತ್ತಿ ತಿಳಿದೊಡನೆ ಅವನು ನನ್ನನ್ನು ಆ ಸೀಮೆಯ ರೂಢಿಯಂತೆ 'ಮಾಸ್ತರರೇ' ಎಂದು ಕರೆಯತೊಡಗಿದ. ನಾನು ಅವನನ್ನು 'ತಮ್ಮ' ಎಂದೆ. ಕೈಗೆ ಕೊಟ್ಟ ಕಾರ್ಯಕ್ರಮದ ಹಾಳೆಯಲ್ಲಿ ಹೀಗಿತ್ತು: ಬೆಳಿಗ್ಗೆ ಮಿರ್ಜಾನ ಕೋಟೆ, ಅನಂತರ ಗೋಕರ್ಣದಿಂದ ಕಡಲಂಚಿನ ಗುಡ್ಡಗಳ ಮೇಲೆ ತದಡಿಯವರೆಗೆ ನಡಿಗೆ, ಊಟ, ತಾರಿಯಲ್ಲಿ ಅಘನಾಶಿನಿ ಗ್ರಾಮಕ್ಕೆ ಹೋಗಿ ಬರುವುದು, ಸಂಜೆ ಸಾಣಿಕಟ್ಟಾದ ಉಪ್ಪಿನಾಗರ, ಛಾಯಾಚಿತ್ರಕ್ಕಾಗಿ ಹತ್ತು ನಿಮಿಷ. ಈ ಕೊನೆಯ ಹತ್ತು ನಿಮಿಷದ ಮಾತನ್ನು ಆಮೇಲೆ ಹೇಳುತ್ತೇನೆ.

ಮಿರ್ಜಾನದ ಕೋಟೆ ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ನದಿಯ ಬಯಲಿನಲ್ಲಿದೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಇಮ್ಮಡಿ ಗೋಡೆ, ದುಂಡು ಬುರುಜುಗಳು, ಸುತ್ತಲೂ ಕಂದಕ, ಒಳಗೆ ಆಳವಾದ ಬಾವಿಗಳು. ಮಳೆಗಾಲದಲ್ಲಿ ಪಾಚಿ ಬೆಳೆದು ಇಡೀ ಕೋಟೆ ಹಸಿರಾಗುತ್ತದೆಯಂತೆ. ನಾವು ಹೋದಾಗ ಕಲ್ಲು ತನ್ನ ನಿಜವಾದ ಬಣ್ಣದಲ್ಲಿತ್ತು. ಬುರುಜಿನ ಮೇಲೆ ನಿಂತು ನಮ್ಮ ತರುಣ ರಾಣಿ ಚೆನ್ನಭೈರಾದೇವಿಯ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. ಈ ಕೋಟೆಯನ್ನು ಕಟ್ಟಿಸಿದವಳು ಅವಳೆಂದೂ, ಪೋರ್ಚುಗೀಸರು ಅವಳಿಗೆ ಅಂಜಿ 'ಮೆಣಸಿನ ರಾಣಿ' ಎಂದು ಬಿರುದು ಕೊಟ್ಟರೆಂದೂ ಅವನು ಹೇಳುವಾಗ ನಮ್ಮ ತಂಡದ ಮಕ್ಕಳಿಬ್ಬರು ಬಾಯಿ ತೆರೆದು ಕೇಳುತ್ತಿದ್ದರು.

ಅಧ್ಯಾಪಕನ ಚಾಳಿ ಸುಲಭವಾಗಿ ಬಿಡುವುದಿಲ್ಲ. ಕೋಟೆಯನ್ನು ಕಟ್ಟಿಸಿದವರ ವಿಷಯದಲ್ಲಿ ಒಮ್ಮತವಿಲ್ಲವೆಂದು ನಾನು ಬಾಯಿ ಹಾಕಿದೆ. ರಾಣಿ ಕಟ್ಟಿಸಿದಳೆನ್ನುವವರಿದ್ದಾರೆ, ಅವಳಿಗಿಂತ ಹಿಂದಿನದೆನ್ನುವವರಿದ್ದಾರೆ, ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ಬಿಜಾಪುರದ ಅಧಿಕಾರಿ ಷರೀಫ್ ಉಲ್ ಮುಲ್ಕನು ಕಟ್ಟಿಸಿದನೆಂಬ ಪಕ್ಷವೂ ಇದೆ. 1757ರಲ್ಲಿ ಅದು ಮರಾಠರ ವಶವಾಯಿತು, 1783ರಲ್ಲಿ ಇಂಗ್ಲಿಷರ ವಶವಾಯಿತು. 2000–01ರಲ್ಲಿ ಇಲ್ಲಿ ಉತ್ಖನನ ನಡೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಫಿರಂಗಿಯ ಗುಂಡುಗಳು, ಚೀನಾ ದೇಶದ ಪಿಂಗಾಣಿ ದೊರೆತವು. ಒಬ್ಬರ ಕೋಟೆಯಲ್ಲ ಇದು. ನದೀಮುಖವನ್ನು ಬಯಸಿದವರೆಲ್ಲರ ಕೋಟೆ.

ರಾಣಿಯ ಮಾತೋ? ಗೇರುಸೊಪ್ಪೆಯಿಂದ ಅವಳು 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಆಳಿದಳೆಂದು ಇತಿಹಾಸಕಾರರು ಎಣಿಸುತ್ತಾರೆ. ಜೈನ ಮನೆತನದ ಆ ರಾಣಿಯ ರಾಜ್ಯ ವಿಸ್ತಾರದಲ್ಲಿ ದೊಡ್ಡದಲ್ಲ. ಆದರೆ ಘಟ್ಟದ ಓರೆಯಲ್ಲಿ ಮೆಣಸು ಬೆಳೆಯುವ ಕಾಡೂ, ಆ ಮೆಣಸು ಹಡಗು ಹತ್ತುವ ನದೀಮುಖಗಳೂ ಎರಡೂ ಅವಳ ಕೈಯಲ್ಲಿದ್ದವು. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಮೇಲೆ ಏರಿಬಂದು ಅಲ್ಲಿ ಕೋಟೆ ಹೂಡಿದ ಮೇಲೂ ಮೆಣಸಿಗಾಗಿ ಅವಳೊಡನೆ ವ್ಯವಹರಿಸದೆ ಅವರಿಗೆ ಗತಿಯಿರಲಿಲ್ಲ. ಕೊನೆಗೆ ಇಕ್ಕೇರಿಯ ವೆಂಕಟಪ್ಪನಾಯಕನು ಅವಳ ರಾಜ್ಯವನ್ನು ಗೆದ್ದುಕೊಂಡ. ಅವಳು ಸೆರೆಯಲ್ಲಿ ತೀರಿಕೊಂಡಳು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಗೇರುಸೊಪ್ಪೆಗೆ ಬಂದಾಗ ಅರಮನೆ ಬಿದ್ದು ಪಟ್ಟಣದ ಮೇಲೆ ಮರಗಳು ಬೆಳೆದುಬಿಟ್ಟಿದ್ದವು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎನ್ನುತ್ತಿದ್ದರೆಂಬುದನ್ನೂ, ಪರಸ್ಥಳದವನೊಬ್ಬನಿಗೆ ಮನಸೋತು ಅವಳು ರಾಜ್ಯ ಕಳೆದುಕೊಂಡಳೆಂಬ ವದಂತಿಯನ್ನೂ ಅವನೇ ಬರೆದಿಟ್ಟ. ಐವತ್ತು ವರ್ಷಕ್ಕೂ ಮಿಕ್ಕಿ ರಾಜ್ಯಭಾರ ಮಾಡಿದವಳೊಬ್ಬಳು ಮುಂದಿನವರ ಬಾಯಲ್ಲಿ ಒಂದು ಬಿರುದಾಗಿ, ಒಂದು ಪಿಸುಮಾತಾಗಿ ಉಳಿದಳು. ಬರೆದವರು ಕೊಳ್ಳಬಂದವರು, ನೋಡಬಂದವರು; ಬೆಳೆದವರಲ್ಲ, ಹೊತ್ತವರೂ ಅಲ್ಲ.

ತರುಣ ಇದನ್ನೆಲ್ಲ ಶಾಂತವಾಗಿ ಕೇಳಿಕೊಂಡ. "ನೀವು ಹೇಳಿದ್ದು ಸರಿ ಇರಬಹುದು ಮಾಸ್ತರರೇ, ಆದರೆ ಮೂರು ಜನ ಕಟ್ಟಿಸಿದರು ಅಂದರೆ ಬಂದವರು ನೆನಪಿಟ್ಟುಕೊಳ್ಳುವುದಿಲ್ಲ" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಗೋಕರ್ಣಕ್ಕೆ ಬಂದಾಗ ಮಹಾಬಲೇಶ್ವರನ ಬೀದಿಯಲ್ಲಿ ಯಾತ್ರಿಕರ ಸಂದಣಿ ಆಗಲೇ ನೆರೆದಿತ್ತು. ಕಾಳಿದಾಸನ ರಘುವಂಶದಲ್ಲಿ ನಾರದನು ಆಕಾಶಮಾರ್ಗವಾಗಿ ಹೊರಟಿರುವುದು ದಕ್ಷಿಣ ಸಮುದ್ರತೀರದ ಈ ಗೋಕರ್ಣದ ಈಶ್ವರನನ್ನು ಅರ್ಚಿಸುವುದಕ್ಕಾಗಿಯೇ. ಅಷ್ಟು ಹಳೆಯ ಹೆಸರು ಇದು. ನಾವು ಕಡಲ ದಂಡೆಯ ದಕ್ಷಿಣದ ತುದಿಗೆ ನಡೆದು, ರಾಮಮಂದಿರದ ಬಳಿಯ ಸಿಹಿನೀರಿನ ಊಟೆಯಲ್ಲಿ ಬಾಟಲಿ ತುಂಬಿಸಿಕೊಂಡು, ಗುಡ್ಡ ಹತ್ತಿದೆವು.

ಈ ಕರಾವಳಿಯ ರಚನೆಯನ್ನು ಕಾಲುಗಳೇ ತಿಳಿಸಿಕೊಡುತ್ತವೆ. ಜಂಬಿಟ್ಟಿಗೆಯ ಗುಡ್ಡಗಳು ಒಂದಾದ ಮೇಲೊಂದು ಕಡಲಿಗೆ ಮೂಗು ಚಾಚಿವೆ. ಎರಡು ಮೂಗುಗಳ ನಡುವೆ ಒಂದೊಂದು ಮರಳಿನ ತೊಟ್ಟಿಲು: ಮೊದಲು ಕುಡ್ಲೆ, ಅನಂತರ ಎರಡು ಕಮಾನು ಕೂಡಿ ಓಂಕಾರದ ಆಕೃತಿ ತಳೆದ ಓಂ ದಂಡೆ, ಮುಂದೆ ಈಗಿನವರು ಹಾಫ್ ಮೂನ್, ಪ್ಯಾರಡೈಸ್ ಎಂದು ಕರೆಯುವ ಎರಡು ಪುಟ್ಟ ದಂಡೆಗಳು, ಕೊನೆಗೆ ಬೇಲೆಕಾನ. ಗುಡ್ಡದ ನೆತ್ತಿಯಲ್ಲಿ ಒಣಹುಲ್ಲು, ಕಪ್ಪಾದ ಕಲ್ಲುಹಾಸು, ನೆರಳಿಲ್ಲ; ಇಳಿಜಾರಿನಲ್ಲಿ ಗೇರುಮರ, ಮುಳ್ಳುಕಂಟಿ, ತಂಪು. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಎರಡನೆಯ ಗುಡ್ಡ ಏರುವಷ್ಟರಲ್ಲಿ ನನ್ನ ಮೊಣಕಾಲು ಮಾತಾಡತೊಡಗಿತು. ತರುಣ ನನ್ನ ಚೀಲವನ್ನು ಕೇಳದೆಯೇ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.

ಹೀಗೆ ಏದುಸಿರು ಬಿಡುತ್ತಿದ್ದಾಗಲೇ ಒಂದು ಸಂಗತಿ ಹೊಳೆಯಿತು. ಈ ನೆಲದ ಮೇಲೆ ಊರಿಂದೂರಿಗೆ ಹೋಗುವುದು ಇಷ್ಟು ಕಷ್ಟವಾದರೆ, ನೀರಿನ ಮೇಲೆ ಹೋಗುವುದು ಎಷ್ಟು ಸುಲಭ! ಕೆಳಗೆ ಮೀನಿನ ದೋಣಿಯೊಂದು ನಾವು ಒಂದು ಗುಡ್ಡ ಇಳಿಯುವುದರೊಳಗೆ ಮೂರು ದಂಡೆಗಳನ್ನು ದಾಟಿ ಹೋಗಿತ್ತು. 1665ರಲ್ಲಿ ಶಿವಾಜಿ ಬಸರೂರಿನ ಮೇಲೆ ಬಿದ್ದದ್ದು ಕುದುರೆಯ ಮೇಲಲ್ಲ, ಹಡಗುಗಳಲ್ಲಿ. ಸೂರೆ ಮುಗಿಸಿ ಮರಳುವಾಗ ಇದೇ ಗೋಕರ್ಣದಲ್ಲಿ ಇಳಿದು ತೀರ್ಥಸ್ನಾನ ಮಾಡಿದ. ತರಗತಿಯಲ್ಲಿ ನಾನು ಈ ಪ್ರಸಂಗವನ್ನು ವಿಚಿತ್ರವೆಂಬಂತೆ ಹೇಳುತ್ತಿದ್ದೆ. ಗುಡ್ಡ ಹತ್ತಿದವನಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಇಲ್ಲಿಯ ರಾಜಮಾರ್ಗ ಕಡಲು. ಊರಿನ ಹೆಬ್ಬಾಗಿಲು ನದೀಮುಖ. ಘಟ್ಟದ ದಾರಿ ಹಿತ್ತಿಲ ಬಾಗಿಲು.

ಈ ಹೆಬ್ಬಾಗಿಲಿನಿಂದ ಬಂದವರೆಲ್ಲ ಸೂರೆಗಾರರಾಗಿರಲಿಲ್ಲ. 1340ರ ದಶಕದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತ ಹೊನ್ನಾವರದಲ್ಲಿ ತಂಗಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಮಕ್ಕಳಿಗೆ ಇಪ್ಪತ್ತಮೂರು ಪಾಠಶಾಲೆಗಳಿದ್ದುದನ್ನು ಕಂಡೆನೆಂದೂ, ಅಲ್ಲಿಯ ಹೆಂಗಸರು ಕುರಾನನ್ನು ಕಂಠಪಾಠವಾಗಿ ಬಲ್ಲರೆಂದೂ ಅವನು ಬರೆದಿದ್ದಾನೆ. ಹೊರಗಿನ ಜಗತ್ತನ್ನು ಕಂಡ ಊರಿಗೆ ಇದು ಸಹಜವಾದ ಮಾತು. ಅದೇ ಕಡಲಿನಿಂದ 1502ರಲ್ಲಿ ವಾಸ್ಕೋ ಡ ಗಾಮ ತನ್ನ ಎರಡನೆಯ ಯಾನದಲ್ಲಿ ಭಟ್ಕಳಕ್ಕೆ ಬಂದು, ಬಲಪ್ರಯೋಗ ಮಾಡಿ, ಅಲ್ಲಿಯವರ ಮೇಲೆ ವರ್ಷವರ್ಷವೂ ಅಕ್ಕಿಯ ಕಪ್ಪ ಹೊರಿಸಿದ. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿದಾಗ ದಾರಿ ತೋರಿದವನು ಹೊನ್ನಾವರದ ನಾವಿಕ ನಾಯಕ ತಿಮೋಜ. ಬಾಗಿಲು ತೆರೆದಿದ್ದರೆ ಬರುವವರನ್ನು ಆರಿಸಿಕೊಳ್ಳಲಾಗುವುದಿಲ್ಲ. ಕೆಲವೊಮ್ಮೆ ಕರೆದುತರುವವರು ಮನೆಯವರೇ ಆಗಿರುತ್ತಾರೆ.

ತದಡಿಯಲ್ಲಿ ಊಟವಾಯಿತು. ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ನನ್ನಂಥ ಸಸ್ಯಾಹಾರಿಗಳಿಗೆ ಸೌತೆಕಾಯಿಯ ಹುಳಿ. ಬಳಿಕ ತಾರಿ ಹತ್ತಿ ಎದುರು ದಡದ ಅಘನಾಶಿನಿ ಗ್ರಾಮಕ್ಕೆ ಹೋಗಿ ಬಂದೆವು. ನಮ್ಮೊಡನೆ ಎರಡು ಬೈಸಿಕಲ್ಲು, ಬುಟ್ಟಿ ಹೊತ್ತ ನಾಲ್ವರು ಹೆಂಗಸರು, ಶಾಲೆಯಿಂದ ಮರಳುತ್ತಿದ್ದ ಹುಡುಗಿಯರು. ಇಳಿತದ ಹೊತ್ತು, ನದಿಯ ನಡುವೆ ಎದ್ದ ದಿಬ್ಬಗಳಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಜನ ಚಿಪ್ಪಿಕಲ್ಲು ಆಯುತ್ತಿದ್ದರು. ದಡದಾಚೆ ಗಜನಿಯ ಗದ್ದೆಗಳು. ಉಪ್ಪುನೀರು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಮಳೆಗಾಲದಲ್ಲಿ ಅಲ್ಲಿ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನದಿಯ ನೀರು ಬಿಟ್ಟು ಸೀಗಡಿ, ಮೀನು ಹಿಡಿಯುತ್ತಾರೆ.

ಈ ದಡಗಳು ಹಿತ್ತಿಲಾದದ್ದು ಹೇಗೆ? ಅದಕ್ಕೆ ಮೆಣಸಿನ ಕಾಲಕ್ಕೆ ಹೋಗಬೇಕಾಗಿಲ್ಲ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಆಗ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿಗೆ ಬಂತು. ಇಲ್ಲಿ ಒಂದು ಹತ್ತಿಗಿಡವೂ ಬೆಳೆಯದಿದ್ದರೂ 'ಕುಮಟಾ ಹತ್ತಿ' ಎಂಬ ಹೆಸರು ವಿಲಾಯತಿಯ ಪೇಟೆಯಲ್ಲಿ ನಿಂತಿತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕವಿತ್ತು. 1880ರ ದಶಕದಲ್ಲಿ ರೈಲು ಧಾರವಾಡವನ್ನು ಗೋವೆಯ ಮುರ್ಮುಗಾವ್ ಬಂದರಿಗೆ ಜೋಡಿಸಿತು. ಎತ್ತಿನ ಗಾಡಿಗಳು ಘಟ್ಟ ಇಳಿಯುವುದು ಕಡಿಮೆಯಾಯಿತು. ಊರು ಇದ್ದಲ್ಲಿಯೇ ಇತ್ತು, ನದಿಯೂ ಇದ್ದಲ್ಲಿಯೇ ಇತ್ತು, ದಾರಿ ಬೇರೆಯಾಯಿತು. ಬಳಿಕ ಹೆದ್ದಾರಿ ಬಂತು, 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು. ಮಿರ್ಜಾನಕ್ಕೂ ಒಂದು ನಿಲ್ದಾಣವಿದೆ. ಆದರೆ ಎಲ್ಲವೂ ಬೆನ್ನ ಕಡೆಯಿಂದ ಬಂದವು. ಈಗ ನಾವು ಈ ಹಳ್ಳಿಗಳನ್ನು 'ಮೂಲೆಯ ಊರು' ಎನ್ನುತ್ತೇವೆ.

ಮೂಲೆಯ ಊರೆಂದ ಮೇಲೆ ಏನು ಬೇಕಾದರೂ ತಂದಿಡಬಹುದೆಂಬ ಭಾವನೆ ಬರುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ತದಡಿಯಲ್ಲಿ ಕಲ್ಲಿದ್ದಲಿನಿಂದ 4000 ಮೆಗಾವಾಟ್ ವಿದ್ಯುತ್ ತೆಗೆಯುವ ಸ್ಥಾವರದ ಯೋಜನೆ ಹೊರಟಿತ್ತು. ದಡದ ಜನ ವಿರೋಧಿಸಿದರು, ಸ್ಥಾವರ ಬರಲಿಲ್ಲ. 2024ರಲ್ಲಿ 4801 ಹೆಕ್ಟೇರು ವಿಸ್ತಾರದ ಇದೇ ಅಳಿವೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ತಾರಿಯಲ್ಲಿ ತರುಣ ಇದನ್ನು ಹೇಳುವಾಗ ಅವನ ದನಿಯಲ್ಲಿ ಕೋಟೆಯ ಮೇಲಿದ್ದ ನಾಟಕೀಯತೆ ಇರಲಿಲ್ಲ. ತನ್ನ ಮನೆಯ ಮಾತು ಹೇಳುವವನಂತೆ ಹೇಳಿದ.

ಕೊನೆಗೆ ಸಾಣಿಕಟ್ಟಾ. ನಾಲ್ಕೂವರೆಯ ಇಳಿಬಿಸಿಲಿನಲ್ಲಿ ಉಪ್ಪಿನಾಗರ ಕನ್ನಡಿಯ ಚೌಕಗಳಂತೆ ಹರಡಿತ್ತು. ಉಬ್ಬರದ ಹೊತ್ತಿಗೆ ತೂಬು ತೆಗೆದು ನದಿಯ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿಗೆ ಗಟ್ಟಿಯಾಗಿಸುತ್ತಾರೆ. ಕೊನೆಯ ಪಾತಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಉದ್ದ ಕೋಲಿನ ಹಲಗೆಯಿಂದ ಬಳಿದು ದಡಕ್ಕೆ ರಾಶಿ ಹಾಕುತ್ತಾರೆ. ಮಣ್ಣಿನ ಛಾಯೆಯಿರುವ ಕಂದು ಉಪ್ಪು. ನಮ್ಮವರೆಲ್ಲ ಫೋಟೋ ತೆಗೆಯಲು ಚದುರಿದರು.

"ಇಲ್ಲಿ ಏನೂ ಹೇಳುವುದಿಲ್ಲವೇ ತಮ್ಮ?" ಎಂದು ಕೇಳಿದೆ.

"ಇಲ್ಲಿ ಹೇಳುವುದು ಎಂತದೂ ಇಲ್ಲ ಮಾಸ್ತರರೇ. ಫೋಟೋ ಮಾತ್ರ ಚೆಂದ ಬರ್ತದೆ."

ಆಗ ನಾನು ನನ್ನ ತರಗತಿಯ ವಾಕ್ಯವನ್ನು ಹೇಳಿದೆ. 1930ರ ಏಪ್ರಿಲ್‌ನಲ್ಲಿ, ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾನೂನು ಮುರಿದ ಒಂದು ವಾರದಲ್ಲಿ, ಇಲ್ಲಿಂದ ಉತ್ತರಕ್ಕಿರುವ ಅಂಕೋಲೆಯಲ್ಲಿ ಜನ ಉಪ್ಪು ಮಾಡಿ ಕಾನೂನು ಮುರಿದರು. ಅದೇ ಸತ್ಯಾಗ್ರಹದ ಕಾಲದಲ್ಲಿ ಈ ಸಾಣಿಕಟ್ಟಾದ ಉಪ್ಪಿನಾಗರಕ್ಕೆ ಹತ್ತು ಸಾವಿರ ಜನ ನುಗ್ಗಿದರು. ಲಾಠಿಯನ್ನೂ ಗುಂಡನ್ನೂ ಎದುರಿಸಿದರು. ಗುಜರಾತಿನ ಧಾರಾಸಣ, ಮುಂಬಯಿಯ ವಡಾಲಾಗಳ ಜೊತೆಗೆ ಚರಿತ್ರೆಯ ಪುಸ್ತಕಗಳಲ್ಲಿ ಬರುವ ಹೆಸರು ಇದು. ಸ್ವಂತ ಕೈಯಿಂದ ಬಳಿದು ರಾಶಿ ಹಾಕಿದ ಉಪ್ಪನ್ನು ಸರಕಾರಕ್ಕೆ ತೆರಿಗೆ ಕೊಡದೆ ಮನೆಗೆ ಒಯ್ಯಲಾಗದ ಊರಿನಲ್ಲಿ ಆ ಚಳವಳಿಗೆ ಯಾರೂ ಅರ್ಥ ವಿವರಿಸಬೇಕಾಗಿರಲಿಲ್ಲ. ಆ ಚಳವಳಿಯ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರಗಳ ರೈತರು ಕರನಿರಾಕರಣೆಗೂ ಇಳಿದು ಮನೆಮಠ ಕಳೆದುಕೊಂಡರು.

ತರುಣ ಬಹಳ ಹೊತ್ತು ಸುಮ್ಮನಿದ್ದ. ಅನಂತರ ಅವನು ಕೇಳಿದ ಪ್ರಶ್ನೆಯನ್ನು ಮೂವತ್ತು ವರ್ಷಗಳಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ಹತ್ತು ಸಾವಿರ ಜನ ಎಲ್ಲಿ ನಿಂತಿದ್ದರು ಮಾಸ್ತರರೇ?"

ನಾನು ಸುತ್ತ ನೋಡಿದೆ. ಎಲ್ಲಿ ನೋಡಿದರೂ ನೀರಿನ ಪಾತಿ, ನಡುವೆ ಒಬ್ಬರ ಹಿಂದೊಬ್ಬರು ನಡೆಯಬಹುದಾದಷ್ಟು ಕಿರಿದಾದ ಏರಿ. ಹತ್ತು ಸಾವಿರವೆಂಬುದು ಕರಿಹಲಗೆಯ ಮೇಲೆ ಐದು ಅಂಕಿಗಳು. ಇಲ್ಲಿ ಅದು ಇಪ್ಪತ್ತು ಸಾವಿರ ಕಾಲುಗಳು. ನನಗೆ ಬಾಯಿ ಬರಲಿಲ್ಲ. ಆದರೆ ಅವನು ಆಗಲೇ ಲೆಕ್ಕ ಹಾಕತೊಡಗಿದ್ದ. ನದಿಯ ಕಡೆಯಿಂದ ಬಂದಿರಲಾರರು, ಉಬ್ಬರವಿದ್ದರೆ ಅಲ್ಲಿ ನಿಲ್ಲಲು ನೆಲವಿಲ್ಲ. ಇಳಿತದಲ್ಲಿ ಕೆಸರು ತೊಡೆಯ ತನಕ. ದೊಡ್ಡ ಏರಿಯ ಮೇಲೆ ಬಂದಿದ್ದರೆ ಪೊಲೀಸರು ಒಂದು ತುದಿಯಲ್ಲಿ ನಿಂತರೂ ಸಾಕು. ಹಾಗಾದರೆ ಗುಡ್ಡದ ಬುಡದ ಕಡೆಯಿಂದ ಬಂದು ಪಾತಿಗಳಿಗೇ ಇಳಿದಿರಬೇಕು. ಉಪ್ಪಿನ ರಾಶಿಗೆ ಹುಲ್ಲು ಹೊದಿಸುತ್ತಿದ್ದ ಮುದುಕಿಯೊಬ್ಬಳು ನಮ್ಮ ಮಾತು ಕೇಳಿ ಹತ್ತಿರ ಬಂದಳು.

"ಆ ದೊಡ್ಡ ಕಟ್ಟೆ ಈಗಿಂದು ತಮಾ, ಮೊದಲಿಗೆ ಅಷ್ಟು ಅಗಲ ಇಲ್ಲಾಗಿತ್ತು" ಎಂದಳು. "ಉಪ್ಪಿನ ಪಾತಿಲಿ ಓಡಿದ್ರೆ ಅಂಗಾಲು ಸೀಳಿಹೋಗ್ತದೆ. ಓಡಿದವ್ರು ಬರಿಗಾಲಲ್ಲೇ ಓಡಿರಬೇಕು."

ಲಾಠಿಯನ್ನೂ ಗುಂಡನ್ನೂ ನಾನು ಬಲ್ಲೆ. ಅಂಗಾಲಿನ ಮಾತು ಯಾವ ಪುಸ್ತಕದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹರಳುಗಟ್ಟಿದ ಉಪ್ಪಿನ ಮೇಲೆ ಬರಿಗಾಲಲ್ಲಿ ಓಡಿದವರ ಗಾಯಕ್ಕೆ ಉಪ್ಪುನೀರೇ ತಗುಲಿರಬೇಕು. ಬೆಳಿಗ್ಗೆ ಕೋಟೆಯ ಮೇಲೆ ಆ ತರುಣನನ್ನು ತಿದ್ದಲು ಹೊರಟವನು ನಾನು. ಸಂಜೆಯ ಹೊತ್ತಿಗೆ ಅವನೂ ಆ ಮುದುಕಿಯೂ ಕೂಡಿ ನನ್ನ ಪಾಠದ ಒಂದು ವಾಕ್ಯಕ್ಕೆ ನೆಲವನ್ನು ಒದಗಿಸುತ್ತಿದ್ದರು. ಕೋಟೆ ಕಾಣುವ ವಸ್ತು. ಅದಕ್ಕೆ ಕಥೆ ತಾನಾಗಿ ಹುಟ್ಟುತ್ತದೆ, ಒಬ್ಬ ರಾಣಿಯೂ ದೊರೆಯುತ್ತಾಳೆ. ಉಪ್ಪಿನಾಗರ ಪ್ರತಿ ಮಳೆಗಾಲದಲ್ಲಿ ಕರಗಿ, ಪ್ರತಿ ಬೇಸಗೆಯಲ್ಲಿ ಹೊಸದಾಗಿ ಕಟ್ಟಿಕೊಳ್ಳುವ ಸ್ಥಳ. ಅಲ್ಲಿ ನಡೆದದ್ದನ್ನು ಯಾರಾದರೂ ಹೇಳದಿದ್ದರೆ ಅದು ಉಳಿಯುವುದಿಲ್ಲ. ನಮ್ಮ ಬಂಡಿ ನಿಂತ ಕಡೆ ಅದನ್ನು ಹೇಳುವ ಒಂದು ಫಲಕವೂ ನನಗೆ ಕಾಣಲಿಲ್ಲ.

ಹತ್ತು ನಿಮಿಷವೆಂದಿದ್ದದ್ದು ಮುಕ್ಕಾಲು ಗಂಟೆಯಾಯಿತು. ಬಂಡಿಯ ಚಾಲಕ ಎರಡು ಸಲ ಹಾರನ್ ಹೊಡೆದ. ಹೊರಡುವಾಗ ತರುಣ ಕಾರ್ಯಕ್ರಮದ ಹಾಳೆಯನ್ನು ಜೇಬಿನಿಂದ ತೆಗೆದು, ಕೊನೆಯ ಸಾಲಿನಲ್ಲಿದ್ದ ಹತ್ತನ್ನು ಹೊಡೆದುಹಾಕಿ ಮೂವತ್ತು ಎಂದು ಬರೆದದ್ದನ್ನು ನಾನು ನೋಡಿದೆ. "ಆ ಅಜ್ಜಿಯ ಹತ್ತಿರ ಇನ್ನೊಮ್ಮೆ ಕೂತು ಕೇಳಬೇಕು, ಅವಳ ತಾಯಿ ಏನಾದರೂ ಹೇಳಿರಬಹುದು" ಎಂದ.

ಆ ಮುದುಕಿಯಿಂದ ಎರಡು ಸೇರು ಉಪ್ಪು ಕೊಂಡು ತಂದೆ. ಅದು ಈಗ ನಮ್ಮ ಅಡಿಗೆಮನೆಯ ಭರಣಿಯಲ್ಲಿದೆ. ಅಂಗಡಿಯ ಉಪ್ಪಿನಷ್ಟು ಬೆಳ್ಳಗಿಲ್ಲ. ಮೋಡ ಕವಿದ ದಿನ ಒಳಗೊಳಗೇ ನೀರೊಡೆಯುತ್ತದೆ. ಮೊಮ್ಮಗಳು ಅದೇಕೆ ಹೀಗೆ ಎಂದು ಕೇಳಿದಳು. ಅವಳಿಗೆ ಮೊದಲು ಉಬ್ಬರದ ಮಾತು ಹೇಳಿದೆ, ಬಳಿಕ ತೂಬಿನ ಮಾತು, ಬಳಿಕ ಅಂಗಾಲಿನ ಮಾತು. ಹತ್ತು ಸಾವಿರವೆಂಬ ಸಂಖ್ಯೆಯನ್ನು ಎಲ್ಲಕ್ಕಿಂತ ಕೊನೆಗೆ ಹೇಳಿದೆ.